ಮಧುಮೇಹಿಯ ಗಾಯವೇಕೆ ಮಾಯದು?

ಹೋಟೇಲಿನ ಅಡಿಗೆಮನೆಯಲ್ಲಿ ಗಾಯವಾಗದ ದಿನವಿಲ್ಲ. ತರಕಾರಿ ಹೆಚ್ಚುವವನ ಬೆರಳಿಗೆ ಕತ್ತಿ ತಗಲುವುದು. ಬಾಣಲೆಯ ಮುಂದೆ ನಿಂತವನ ಮುಂಗೈಗೆ ಎಣ್ಣೆ ಸಿಡಿಯುವುದು. ಮೋರಿಯ ಬಳಿ ಪಾತ್ರೆ ತೊಳೆಯುವ ಹುಡುಗನ ಕಾಲ್ಬೆರಳ ಸಂದುಗಳು ನೀರಿನಲ್ಲಿ ನೆನೆದು ಬೆಳ್ಳಗಾಗಿ ಬಿರಿಯುವುವು. ಇವನ್ನು ನಮ್ಮಲ್ಲಿ ಯಾರೂ ಗಾಯವೆಂದು ಎಣಿಸುವುದೇ ಇಲ್ಲ. ಚಿಟಿಕೆ ಅರಸಿನ ಮೆತ್ತಿ, ಹರಕು ಬಟ್ಟೆ ಸುತ್ತಿ, ಮತ್ತೆ ಕೆಲಸಕ್ಕೆ ನಿಲ್ಲುತ್ತೇವೆ. ನಾಲ್ಕಾರು ದಿನಗಳಲ್ಲಿ ಅದು ತಾನಾಗಿಯೇ ಮಾಯುತ್ತದೆ. ಆದರೆ ಎಲ್ಲರಿಗೂ ಹಾಗೆ ಮಾಯುವುದಿಲ್ಲ. ಆ ಮಾತನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನನ್ನ ಹೋಟೇಲಿನಲ್ಲಿಯೇ, ನನ್ನ ಕಣ್ಣ ಮುಂದೆಯೇ ಕಲಿತವನು.

ಪತ್ರಿಕೆಯ ಕೆಲಸಕ್ಕೆ ಕೈ ಹಾಕುವ ಮೊದಲು ನಾನು ಹಲವು ವರ್ಷ ಮುಂಬಯಿಯಲ್ಲಿ ಹೋಟೇಲು ನಡೆಸಿದೆನು. ಅಲ್ಲಿ ಹಿರಿಯ ಅಡಿಗೆ ಭಟ್ಟರೊಬ್ಬರಿದ್ದರು. ಬೆಳಗಿನ ನಾಲ್ಕು ಗಂಟೆಗೆ ಒಲೆ ಹೊತ್ತಿಸಿದರೆ ರಾತ್ರಿ ಹತ್ತರವರೆಗೆ ಕಾಲಮೇಲೆ ನಿಂತೇ ಇರುವವರು. ಒಂದು ಮಳೆಗಾಲದಲ್ಲಿ ಅಡಿಗೆಮನೆಯ ನೆಲದ ಮೇಲೆ ಅವರು ನಡೆದ ಕಡೆಯೆಲ್ಲ ಒದ್ದೆ ಹೆಜ್ಜೆಯ ಗುರುತಿನಲ್ಲಿ ಒಂದು ಕೆಂಪು ಕಲೆ ಕಾಣಿಸಿತು.

“ಭಟ್ಟರೇ, ಕಾಲಿಗೇನಾಯಿತು?” ಎಂದು ಕೇಳಿದೆ.

“ಏನಿಲ್ಲ ರಾಯರೇ. ಚಪ್ಪಲಿಯ ಮೊಳೆ ತಾಗಿದ್ದಿರಬೇಕು. ನೋವೇ ಇಲ್ಲವಲ್ಲ!” ಎಂದರು.

ನೋವಿಲ್ಲವೆಂದ ಮೇಲೆ ನಾನೂ ಸುಮ್ಮನಾದೆ. ಅದು ಗಣೇಶ ಚೌತಿಯ ಹಿಂದಿನ ವಾರ. ಗಲ್ಲಾದ ಮುಂದೆ ಗಿರಾಕಿಗಳ ಸಾಲು. ಹದಿನೈದು ದಿನ ಕಳೆಯುವುದರೊಳಗೆ ಅವರಿಗೆ ಚಳಿಜ್ವರ ಬಂದು ಕಾಲು ಊದಿಕೊಂಡಿತು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದಾಗ ಸಕ್ಕರೆಯ ಅಂಶವು 400ನ್ನು ದಾಟಿತ್ತು. ತಮಗೆ ಮಧುಮೇಹವಿದೆಯೆಂಬುದು ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಮೊದಲು ಎರಡು ಬೆರಳು ಹೋದುವು. ಒಂದು ತಿಂಗಳ ನಂತರ ಮೊಣಕಾಲಿನ ಕೆಳಗಿನ ಭಾಗವೇ ಹೋಯಿತು. “ನೋವಿಲ್ಲ” ಎಂಬ ಅವರ ಮಾತನ್ನು ನಾನು ಆ ದಿನ ಶುಭವಾರ್ತೆಯೆಂದು ತಿಳಿದೆನು. ನಿಜವಾಗಿ ಅದು ಅಪಾಯದ ಗಂಟೆಯಾಗಿತ್ತು.

ನಾನು ವೈದ್ಯನಲ್ಲ, ಎಸ್.ಎಸ್.ಎಲ್.ಸಿ.ಯವರೆಗೆ ಓದಿದವನು. ಆದರೆ ಆ ಘಟನೆಯ ತರುವಾಯ ಬಲ್ಲ ವೈದ್ಯರಲ್ಲಿ ಕೇಳಿ, ಓದಿ ತಿಳಿದುಕೊಂಡುದನ್ನು ವಾಚಕರ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ. ಇದು ಸಿರಿವಂತರ ರೋಗವೆಂಬ ಭ್ರಮೆಯನ್ನು ನಾವಿನ್ನು ಬಿಡತಕ್ಕದ್ದು.

ಒಂದು ಮುಳ್ಳಿನ ಕಥೆ

ಗಾಯವು ಮಾಯುವ ಬಗೆಯನ್ನು ಅರಿಯದೆ ಅದು ಮಾಯದ ಬಗೆಯನ್ನು ಅರಿಯಲಾಗದು. 1882ರಲ್ಲಿ ಇಲ್ಯಾ ಮೆಚ್ನಿಕಾಫ್ ಎಂಬ ರಷ್ಯಾದ ಜೀವಶಾಸ್ತ್ರಜ್ಞನು ಇಟಲಿಯ ಸಿಸಿಲಿ ದ್ವೀಪದಲ್ಲಿರುವ ಮೆಸ್ಸೀನಾ ಪಟ್ಟಣದಲ್ಲಿದ್ದನು. ನಕ್ಷತ್ರಮೀನಿನ ಮರಿಯ ಮೈ ಗಾಜಿನಂತೆ ಪಾರದರ್ಶಕ. ಸೂಕ್ಷ್ಮದರ್ಶಕದಲ್ಲಿ ಅದರ ಒಳಗಿನ ವ್ಯಾಪಾರವೆಲ್ಲ ಕಾಣುವುದು. ಆತನು ಅಂಥ ಮರಿಗೆ ಒಂದು ಸಣ್ಣ ಮುಳ್ಳನ್ನು ಚುಚ್ಚಿಟ್ಟು ಮರುದಿನ ಬೆಳಿಗ್ಗೆ ನೋಡಿದನು. ಮುಳ್ಳಿನ ಸುತ್ತಲೂ ಚಲಿಸುವ ಕಣಗಳು ಗುಂಪುಗೂಡಿ ಅದನ್ನು ಮುತ್ತಿಗೆ ಹಾಕಿದ್ದುವು! ಹೊರಗಿನಿಂದ ನುಗ್ಗಿದ ಶತ್ರುವನ್ನು ನುಂಗಿ ನಾಶಮಾಡುವ ಕಾವಲುಗಾರರು ದೇಹದೊಳಗೇ ಇದ್ದಾರೆಂಬ ತತ್ತ್ವವನ್ನು ಆತನು ಇದರಿಂದ ಸಾರಿದನು. ಅದಕ್ಕಾಗಿ 1908ರಲ್ಲಿ ಪಾಲ್ ಎರ್ಲಿಕ್ ಎಂಬ ವಿಜ್ಞಾನಿಯ ಜೊತೆಗೆ ಆತನಿಗೆ ನೊಬೆಲ್ ಪಾರಿತೋಷಕವು ದೊರೆಯಿತು.

ನಮ್ಮ ರಕ್ತದಲ್ಲಿರುವ ಬಿಳಿಯ ಕಣಗಳೇ ಆ ಕಾವಲುಗಾರರು. ಅವುಗಳಲ್ಲಿ ನ್ಯೂಟ್ರೋಫಿಲ್ ಎಂಬುವು ಮುಂಚೂಣಿಯ ಸೈನಿಕರು. ಎಲುಬಿನೊಳಗಿನ ಮಜ್ಜೆಯು ದಿನವೊಂದಕ್ಕೆ ಹತ್ತಾರು ಸಾವಿರ ಕೋಟಿಯಷ್ಟು ಇಂಥ ಕಣಗಳನ್ನು ಹುಟ್ಟಿಸುತ್ತದೆ. ರಕ್ತದಲ್ಲಿ ಅವುಗಳ ಬಾಳು ಅಲ್ಪ. ಬೆರಳು ಕೊಯ್ದೊಡನೆ ಮೊದಲು ರಕ್ತ ಹೆಪ್ಪುಗಟ್ಟುವುದು. ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲುಗಳು ಬಂದು ಕ್ರಿಮಿಗಳನ್ನು ನುಂಗತೊಡಗುವುವು. ಎರಡು ಮೂರು ದಿನಗಳಲ್ಲಿ ಮ್ಯಾಕ್ರೋಫೇಜ್ ಎಂಬ ದೊಡ್ಡ ಕಣಗಳು ಬರುವುವು. ಗಾಯದ ಸುತ್ತ ಕೆಂಪೇರಿ, ಬಿಸಿಯಾಗಿ, ಊದಿ, ನೋಯುವ ಉರಿಯೂತವೆಂಬುದು ಈ ಕಾಳಗದ ಗುರುತೇ ಹೊರತು ಬೇರೇನೂ ಅಲ್ಲ. ಹದ್ದಿನಲ್ಲಿರುವ ಉರಿಯೂತವು ನಮ್ಮ ಮಿತ್ರನು.

ಮ್ಯಾಕ್ರೋಫೇಜಿನ ಕೆಲಸ ಎರಡು ತೆರ. ಮೊದಲು ಅದು ಯೋಧ. ಕ್ರಿಮಿಗಳನ್ನೂ ಸತ್ತ ಸೈನಿಕರನ್ನೂ ನುಂಗಿ ರಣರಂಗವನ್ನು ಗುಡಿಸುವುದು. ಆಮೇಲೆ ಅದು ಮೇಸ್ತ್ರಿ; “ಕಾಳಗ ಮುಗಿಯಿತು, ಇನ್ನು ಗೋಡೆ ಕಟ್ಟಿರಿ” ಎಂದು ಹೊಸ ಮಾಂಸವನ್ನೂ ಹೊಸ ರಕ್ತನಾಳಗಳನ್ನೂ ಬೆಳೆಸುವ ಕಣಗಳಿಗೆ ಆಜ್ಞೆ ಕೊಡುವುದು. ಯೋಧನು ಮೇಸ್ತ್ರಿಯಾಗುವ ಈ ಬದಲಾವಣೆಯಲ್ಲಿಯೇ ಗಾಯ ಮಾಯುವ ಗುಟ್ಟಿರುವುದು.

ಮದ್ದಿಲ್ಲದ ಸೈನಿಕರು

ಮಧುಮೇಹದಲ್ಲಿ ಈ ವ್ಯವಸ್ಥೆಯು ಎರಡು ಕಡೆಗಳಲ್ಲಿ ಕೆಡುತ್ತದೆ. ಸೈನಿಕರು ಬರುವಾಗ ಸೋಮಾರಿಗಳಾಗುತ್ತಾರೆ. ಬಂದ ಮೇಲೆ ಹೋಗಲು ಒಲ್ಲರು.

ಮೊದಲನೆಯದನ್ನು ನೋಡೋಣ. ಗಾಯದಿಂದ ಹೊರಡುವ ಕರೆಗೆ ಓಗೊಟ್ಟು ಅತ್ತ ಸರಿಯುವ ಶಕ್ತಿಯೂ, ಕ್ರಿಮಿಯನ್ನು ನುಂಗುವ ಶಕ್ತಿಯೂ ಸಕ್ಕರೆಯೇರಿದ ರಕ್ತದಲ್ಲಿರುವ ನ್ಯೂಟ್ರೋಫಿಲುಗಳಿಗೆ ಕುಗ್ಗುತ್ತದೆ. ನುಂಗಿದ ಕ್ರಿಮಿಯನ್ನು ಕೊಲ್ಲುವುದಕ್ಕೆ ಅವು ಒಂದು ತೆರದ ಉಗ್ರವಾದ ಆಮ್ಲಜನಕವನ್ನು ತಯಾರಿಸುತ್ತವೆ. ಅದಕ್ಕೆ ಕಣದೊಳಗಿನ ಒಂದು ಸಹಾಯಕ ದ್ರವ್ಯವು ಬೇಕು. ಸಕ್ಕರೆಯು ಮಿತಿಮೀರಿದಾಗ ಕಣವು ಆ ಸಕ್ಕರೆಯನ್ನು ಸಾರ್ಬಿಟಾಲ್ ಎಂಬ ಬೇರೊಂದು ವಸ್ತುವಾಗಿ ಮಾರ್ಪಡಿಸುವ ಕೆಲಸದಲ್ಲಿ ಅದೇ ದ್ರವ್ಯವನ್ನು ಖರ್ಚು ಮಾಡಿಬಿಡುತ್ತದೆ. ಬರಿಯ ನೀರು ಕಾಯಿಸುವುದರಲ್ಲಿಯೇ ಗ್ಯಾಸಿನ ಸಿಲಿಂಡರನ್ನು ಮುಗಿಸಿ, ಗಿರಾಕಿ ಬಂದು ಪೂರಿ ಕೇಳಿದಾಗ ಒಲೆ ಉರಿಯದಿದ್ದರೆ ಹೇಗೋ ಹಾಗೆ! ಸೈನಿಕನಿದ್ದಾನೆ, ಕೋವಿಯಲ್ಲಿ ಮದ್ದಿಲ್ಲ.

ಈ ದೌರ್ಬಲ್ಯವು ಗಾಯಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಮಧುಮೇಹಿಗೆ ಕ್ಷಯರೋಗ ತಗಲುವ ಸಂಭವವು ಇತರರಿಗಿಂತ ಎರಡು ಮೂರು ಪಾಲು ಹೆಚ್ಚು. ಒಂದೇ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿ ಮಲಗುವ ನಮ್ಮ ಕಾರ್ಮಿಕ ಬಂಧುಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಎರಡು ವಾರ ಮೀರಿದ ಕೆಮ್ಮನ್ನು ಪರೀಕ್ಷೆ ಮಾಡಿಸದೆ ಬಿಡಬಾರದು. 2021ರಲ್ಲಿ ಕೊರೋನಾದ ಎರಡನೆಯ ಅಲೆಯ ಬೆನ್ನಿಗೆ ಬಂದು ನಮ್ಮ ದೇಶದಲ್ಲಿ ಅನೇಕರ ಕಣ್ಣುಗಳನ್ನೂ ಪ್ರಾಣಗಳನ್ನೂ ಕೊಂಡೊಯ್ದ ಕಪ್ಪು ಶಿಲೀಂಧ್ರ ರೋಗವು ಹೆಚ್ಚಾಗಿ ಹಿಡಿದುದು ಸಕ್ಕರೆಯು ಹತೋಟಿ ತಪ್ಪಿದ್ದ ಮಧುಮೇಹಿಗಳನ್ನೇ.

ಆರದ ಬೆಂಕಿ

ಇನ್ನು ಎರಡನೆಯ ಕೇಡು. ಕ್ರಿಮಿಗಳನ್ನು ಹಿಡಿಯಲು ನ್ಯೂಟ್ರೋಫಿಲುಗಳು ಕೆಲವೊಮ್ಮೆ ತಮ್ಮೊಳಗಿನ ತಂತುಗಳನ್ನೇ ಹೊರಚೆಲ್ಲಿ ಬಲೆ ಬೀಸುತ್ತವೆ. ಮಧುಮೇಹಿಗಳ ಕಣಗಳು ಈ ಬಲೆಯನ್ನು ಅತಿಯಾಗಿ ಬೀಸುತ್ತವೆಂದೂ, ಆ ಬಲೆಗಳೇ ಗಾಯ ಕೂಡಿಕೊಳ್ಳುವುದಕ್ಕೆ ಅಡ್ಡವಾಗುತ್ತವೆಂದೂ ಅಮೇರಿಕದ ವಿಜ್ಞಾನಿಗಳು 2015ರಲ್ಲಿ ತೋರಿಸಿದರು. ಇಲಿಗಳಲ್ಲಿ ಬಲೆ ಬೀಸುವುದನ್ನು ತಡೆದಾಗ ಅವುಗಳ ಗಾಯಗಳು ಬೇಗ ಮಾದುವು.

ಮ್ಯಾಕ್ರೋಫೇಜುಗಳ ಪಾಡು ಇದಕ್ಕಿಂತ ವಿಚಿತ್ರ. ಅವು ಯೋಧನ ವೇಷವನ್ನು ಕಳಚಿ ಮೇಸ್ತ್ರಿಯಾಗುವುದನ್ನೇ ಮರೆಯುತ್ತವೆ. ಶತ್ರು ಕಡಮೆಯಾದರೂ “ಯುದ್ಧ, ಯುದ್ಧ” ಎಂಬ ಕೂಗನ್ನು ನಿಲ್ಲಿಸುವುದಿಲ್ಲ. ಅದರಿಂದ ಉರಿಯೂತವು ದಿನಗಳಲ್ಲಿ ತಣಿಯದೆ ವಾರಗಟ್ಟಲೆ, ತಿಂಗಳುಗಟ್ಟಲೆ ಹೊಗೆಯಾಡುವುದು. ಆ ಕಾಲದಲ್ಲಿ ಹುಟ್ಟುವ ಕೆಲವು ಕಿಣ್ವಗಳು ಹೊಸದಾಗಿ ಬೆಳೆದ ಮಾಂಸವನ್ನೇ ಕತ್ತರಿಸುತ್ತವೆ. ಹಗಲಿನಲ್ಲಿ ಕಟ್ಟಿದ ಗೋಡೆಯನ್ನು ರಾತ್ರಿ ಕೆಡವುತ್ತಿದ್ದರೆ ಮನೆಯು ಏಳುವುದೆಂದಿಗೆ?

ಇದರ ಜೊತೆಗೆ ಸಕ್ಕರೆಯ ಅಂಟು. ಬಹುಕಾಲ ಹೆಚ್ಚಿನ ಸಕ್ಕರೆಯಲ್ಲಿ ನೆನೆದ ದೇಹದ ಸಸಾರಜನಕ ದ್ರವ್ಯಗಳಿಗೆ ಸಕ್ಕರೆಯು ಅಂಟಿಕೊಂಡು ಅವನ್ನು ಬಿರುಸುಗೊಳಿಸುವುದು. ಏರಿದ ಪಾಕವು ಆರಿದ ಮೇಲೆ ಪಾತ್ರೆಗೆ ಗಟ್ಟಿಯಾಗಿ ಹಿಡಿಯುವುದನ್ನು ಜಿಲೇಬಿ ಮಾಡುವವರು ಬಲ್ಲರು. ಹೀಗೆ ಬಿರುಸಾದ ದ್ರವ್ಯಗಳು ಉರಿಯೂತಕ್ಕೆ ಇನ್ನಷ್ಟು ಸೌದೆ ಒಟ್ಟುವುವು. ಕಾಲಿನ ರಕ್ತನಾಳಗಳು ಕಿರಿದಾಗಿ, ಗಾಯಕ್ಕೆ ಬೇಕಾದ ಆಮ್ಲಜನಕವೂ ಸೈನಿಕರೂ ಔಷಧವೂ ಸಾಕಷ್ಟು ತಲಪಲಾರವು. ಬೀಡಿ ಸಿಗರೇಟು ಸೇದುವವರಲ್ಲಿ ಈ ದಾರಿಯು ಇನ್ನೂ ಕಿರಿದು.

ಇದೊಂದು ವಿಷಚಕ್ರವೂ ಹೌದು. ಗಾಯದಲ್ಲಿ ಕೀವಾದರೆ ರಕ್ತದ ಸಕ್ಕರೆ ಏರುವುದು. ಸಕ್ಕರೆ ಏರಿದರೆ ಸೈನಿಕರು ಸೋಲುವರು. ಸೈನಿಕರು ಸೋತರೆ ಕೀವು ಹೆಚ್ಚುವುದು. ಈ ಚಕ್ರವನ್ನು ಮುರಿಯಲು ವೈದ್ಯರು ಕೆಲಕಾಲ ಇನ್ಸುಲಿನ್ ಚುಚ್ಚುಮದ್ದನ್ನು ಹೇಳಿದರೆ ಹೆದರಬಾರದು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಒಬ್ಬ ಬಾಲಕನಿಗೆ ಮೊದಲ ಬಾರಿಗೆ ಕೊಟ್ಟಂದಿನಿಂದ ಆ ಔಷಧವು ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ. ಸಮಾಧಾನದ ಸಂಗತಿಯೆಂದರೆ, ಸಕ್ಕರೆಯು ಹತೋಟಿಗೆ ಬಂದಂತೆ ಬಿಳಿಯ ಕಣಗಳ ಕಸುವು ಬಹುಮಟ್ಟಿಗೆ ಮರಳುವುದು.

ನೋವಿಲ್ಲವೆಂಬ ಮೋಸ

ಭಟ್ಟರ ಮಾತಿಗೆ ಈಗ ಹಿಂತಿರುಗೋಣ. ಮೊಳೆ ಚುಚ್ಚಿದರೂ ಅವರಿಗೆ ನೋವಾಗಲಿಲ್ಲವೇಕೆ? ಮಧುಮೇಹವು ಹಳತಾದಂತೆ ಪಾದದ ನರಗಳು ಜಡವಾಗುತ್ತವೆ. ನೋವೆಂಬುದು ದೇಹದ ಕಾವಲುನಾಯಿ. ಅದು ಬೊಗಳದಿದ್ದರೆ ಕಳ್ಳನು ಒಳಹೊಕ್ಕುದು ತಿಳಿಯದು.

ಇದನ್ನು ಜಗತ್ತಿಗೆ ಮನಗಾಣಿಸಿದವರಲ್ಲಿ ಡಾ. ಪಾಲ್ ಬ್ರ್ಯಾಂಡ್ ಪ್ರಮುಖರು. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ ಹುಟ್ಟಿದ ಈ ಆಂಗ್ಲ ಶಸ್ತ್ರವೈದ್ಯರು 1946ರಲ್ಲಿ ವೆಲ್ಲೂರಿನ ಆಸ್ಪತ್ರೆಗೆ ಬಂದು ಕುಷ್ಠರೋಗಿಗಳ ಸೇವೆಯಲ್ಲಿ ತೊಡಗಿದರು. ಆ ರೋಗಿಗಳ ಬೆರಳುಗಳು ರೋಗದಿಂದ ಕೊಳೆತು ಉದುರುವುದೆಂದು ಜನರು ನಂಬಿದ್ದ ಕಾಲವದು. ಸ್ಪರ್ಶಜ್ಞಾನ ತಪ್ಪಿದುದರಿಂದ ಅರಿವಿಲ್ಲದೆ ಆಗುವ ಸುಟ್ಟಗಾಯ, ಒತ್ತುಗಾಯಗಳೇ ಅದಕ್ಕೆ ಕಾರಣವೆಂದು ಅವರು ತೋರಿಸಿದರು. 1966ರಲ್ಲಿ ಅಮೇರಿಕಕ್ಕೆ ಹೋದ ಬಳಿಕ ಅದೇ ಅರಿವನ್ನು ಮಧುಮೇಹಿಗಳ ಪಾದಕ್ಕೂ ಅನ್ವಯಿಸಿದರು. ಹುಣ್ಣಿನ ಮೇಲೆ ಮೈಭಾರ ಬೀಳದಂತೆ ಕಾಲಿಗೆ ಅಚ್ಚುಕಟ್ಟಾಗಿ ಪಟ್ಟು ಹಾಕುವ ಚಿಕಿತ್ಸೆಯು ಇಂದಿಗೂ ಶ್ರೇಷ್ಠವೆನಿಸಿದೆ. ನೋವಿಲ್ಲವೆಂದು ಹುಣ್ಣಿನ ಕಾಲನ್ನೇ ಊರಿ ಹದಿನಾರು ಗಂಟೆ ನಿಂತರೆ ಯಾವ ಮುಲಾಮಿನಿಂದಲೂ ಪ್ರಯೋಜನವಿಲ್ಲ.

ನಮ್ಮ ಹಿರಿಯರು ಇದನ್ನು ಅರಿಯದವರಲ್ಲ. ಸುಶ್ರುತ ಸಂಹಿತೆಯಲ್ಲಿ ಪ್ರಮೇಹಿಗಳಿಗೆ ಏಳುವ ಪಿಡಕೆಗಳೆಂಬ ಹುಣ್ಣುಗಳ ಚಿಕಿತ್ಸೆಗೆ ಪ್ರತ್ಯೇಕ ಅಧ್ಯಾಯವೇ ಇದೆ. ಇಂದಿನ ವೈದ್ಯರ ಲೆಕ್ಕದಂತೆ ಕಾಲು ಕತ್ತರಿಸಬೇಕಾಗಿ ಬಂದ ಮಧುಮೇಹಿಗಳಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಮೊದಲು ಆದುದು ಪಾದದ ಒಂದು ಹುಣ್ಣು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದರೆಂಬ ಗಾದೆಯು ಇಲ್ಲಿ ಅಕ್ಷರಶಃ ನಿಜವಾಗುವುದು.

ಮಾಡತಕ್ಕುದೇನು?

ಮೊದಲನೆಯದಾಗಿ, ಮೂವತ್ತು ವರ್ಷ ದಾಟಿದವರೆಲ್ಲರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿರಿ. ಸರಕಾರದ ಆರೋಗ್ಯ ಕೇಂದ್ರಗಳಲ್ಲಿ ಇದಕ್ಕೆ ಏರ್ಪಾಡಿದೆ. ಬರಿಹೊಟ್ಟೆಯಲ್ಲಿ ಸಕ್ಕರೆಯು 100ಕ್ಕಿಂತ ಕಡಮೆಯಿದ್ದರೆ ಸಹಜ. 126 ಅಥವಾ ಹೆಚ್ಚಾದರೆ ಮಧುಮೇಹದ ಲಕ್ಷಣ. ಇನ್ನೊಮ್ಮೆ ಪರೀಕ್ಷಿಸಿ ವೈದ್ಯರು ಖಚಿತಪಡಿಸುವರು. ಎಚ್‌ಬಿಎ1ಸಿ ಎಂಬ ಪರೀಕ್ಷೆಯು ಹಿಂದಿನ ಎರಡು ಮೂರು ತಿಂಗಳ ಲೆಕ್ಕವನ್ನು ಒಟ್ಟಿಗೆ ಹೇಳುವುದು; ಪರೀಕ್ಷೆಯ ಹಿಂದಿನ ದಿನ ಉಪವಾಸವಿದ್ದು ಅದನ್ನು ವಂಚಿಸಲಾಗದು.

ಎರಡನೆಯದಾಗಿ, ಮಧುಮೇಹವಿರುವವರು ದಿನಕ್ಕೊಮ್ಮೆ, ಮಲಗುವ ಮೊದಲು, ಎರಡು ಪಾದಗಳನ್ನೂ ಅಂಗಾಲಿನಿಂದ ಬೆರಳ ಸಂದುಗಳವರೆಗೆ ನೋಡಿಕೊಳ್ಳಿರಿ. ಅಂಗಾಲು ಕಾಣದಿದ್ದರೆ ಕನ್ನಡಿ ಹಿಡಿಯಿರಿ, ಇಲ್ಲವೆ ಕೋಣೆಯ ಸ್ನೇಹಿತನಿಗೆ ತೋರಿಸಿರಿ, ಇದರಲ್ಲಿ ನಾಚಿಕೆಯಿಲ್ಲ. ತೊಳೆದ ಕಾಲನ್ನು, ಮುಖ್ಯವಾಗಿ ಬೆರಳ ಸಂದುಗಳನ್ನು, ಒಣಬಟ್ಟೆಯಿಂದ ಒರಸಿರಿ. ಚಪ್ಪಲಿ, ಬೂಟುಗಳನ್ನು ಮೆಟ್ಟುವ ಮೊದಲು ಒಳಗೆ ಕೈಯಾಡಿಸಿ ಕಲ್ಲು, ಮೊಳೆಗಳಿಲ್ಲವೆಂದು ನೋಡಿರಿ. ಆಫೀಸಿಗೆ ಹೋಗುವ ಗುಮಾಸ್ತ ಬಂಧುಗಳು ಹೊಸ ಬೂಟನ್ನು ಮೊದಲ ದಿನವೇ ಇಡೀ ಹೊತ್ತು ಹಾಕಬಾರದು. ಕಾಲಿನ ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು. ದಣಿದ ಕಾಲನ್ನು ಬಿಸಿನೀರಿನಲ್ಲಿ ಅದ್ದಿಡುವುದೂ, ಊರಿಗೆ ಹೋದಾಗ ಮಧ್ಯಾಹ್ನದ ಬಿಸಿಲಿನಲ್ಲಿ ಗುಡಿಯ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಬರುವುದೂ ಜಡವಾದ ಪಾದಕ್ಕೆ ಅಪಾಯ. ಸುಟ್ಟುದು ತಿಳಿಯುವುದೇ ಇಲ್ಲ.

ಮೂರನೆಯದಾಗಿ, ಗಾಯವಾದರೆ ಹರಿಯುವ ನೀರಿನಲ್ಲಿ ತೊಳೆದು, ಶುದ್ಧವಾದ ಬಟ್ಟೆ ಕಟ್ಟಿ, ಮರುದಿನದೊಳಗೆ ವೈದ್ಯರಿಗೆ ತೋರಿಸಿರಿ. ಎಣ್ಣೆ ಸಿಡಿದರೆ 20 ನಿಮಿಷ ತಣ್ಣೀರು ಹರಿಯಬಿಡಿರಿ. ಕಾಫಿಪುಡಿ, ಹಲ್ಲುಜ್ಜುವ ಪೇಸ್ಟು, ದೋಸೆಹಿಟ್ಟುಗಳನ್ನು ಮೆತ್ತಬಾರದು. ಕೆಂಪು ಹರಡುವುದು, ಕೀವು, ದುರ್ವಾಸನೆ, ಊತ, ಕಪ್ಪುಗಟ್ಟುವುದು, ಜ್ವರ, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಚಿಕಿತ್ಸೆ ನಡೆದು ನಾಲ್ಕು ವಾರಗಳಾದರೂ ಹುಣ್ಣು ಅರ್ಧಕ್ಕೆ ಇಳಿಯದಿದ್ದರೆ ಹೆಚ್ಚಿನ ತಜ್ಞರನ್ನು ಕಾಣಬೇಕು. ವರ್ಷಕ್ಕೊಮ್ಮೆಯಾದರೂ ಪಾದದ ಸ್ಪರ್ಶಜ್ಞಾನವನ್ನು ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಿರಿ. ಒಂದು ನೈಲಾನ್ ಎಳೆಯನ್ನು ಮುಟ್ಟಿಸಿ ನೋಡುವ ಆ ಪರೀಕ್ಷೆಗೆ ತಗಲುವುದು ಐದು ನಿಮಿಷ ಮಾತ್ರ.

ಮಾಲಿಕರಲ್ಲಿ ಒಂದು ವಿನಂತಿ

ಕೆಲಸಗಾರನು ಗಾಯವನ್ನು ಅಡಗಿಸುವುದು ಅಜ್ಞಾನದಿಂದ ಮಾತ್ರವಲ್ಲ; ಪಗಾರ ಕತ್ತರಿಸುವರೆಂಬ ಭಯದಿಂದ. ಇದನ್ನು ಗಲ್ಲಾದ ಹಿಂದೆ ಕುಳಿತಿದ್ದವನಾಗಿಯೇ ಹೇಳುತ್ತಿದ್ದೇನೆ. ಮೋರಿಯಲ್ಲಿ ನಿಲ್ಲುವವರಿಗೆ ರಬ್ಬರಿನ ಬೂಟು ಕೊಡಿಸಿರಿ. ಗಾಯವಾದವನಿಗೆ ಕುಳಿತು ಮಾಡುವ ಕೆಲಸ ಕೊಡಿರಿ. ನೌಕರರ ರಾಜ್ಯ ವಿಮಾ ಯೋಜನೆಗೆ ಒಳಪಡುವ ಹೋಟೇಲುಗಳು ಹುಡುಗರ ಹೆಸರುಗಳನ್ನು ತಪ್ಪದೆ ನೋಂದಾಯಿಸಬೇಕು. ನಿಯಮದಂತೆ ಚಂದಾ ಕಟ್ಟಿದ ಅರ್ಹ ನೌಕರನಿಗೆ ಅದರಲ್ಲಿ ಚಿಕಿತ್ಸೆಯಲ್ಲದೆ, ಕಾಯಿಲೆಯ ರಜೆಯಲ್ಲಿ ವೇತನದ ನೂರಕ್ಕೆ 70 ಪಾಲು ವರ್ಷಕ್ಕೆ 91 ದಿನಗಳವರೆಗೆ ದೊರೆಯುವುದು. ಎರಡು ದಿನದ ರಜೆಯನ್ನು ಉಳಿಸಲು ಹೋಗಿ ನಾನು ಒಬ್ಬ ಉತ್ತಮ ಅಡಿಗೆಯವರನ್ನು ಕಳೆದುಕೊಂಡೆ. ಅವರು ಕಾಲನ್ನೇ ಕಳೆದುಕೊಂಡರು. ಈ ವ್ಯಾಪಾರದಲ್ಲಿ ಯಾರಿಗೂ ಲಾಭವಾಗಲಿಲ್ಲ.

ಊರಿಗೆ ಹೋದಾಗಲೆಲ್ಲ ಭಟ್ಟರನ್ನು ಕಂಡು ಬರುತ್ತೇನೆ. ಜಗಲಿಯ ಮೇಲೆ ಕುಳಿತಿರುತ್ತಾರೆ. ಊರುಗೋಲು ಗೋಡೆಗೆ ಒರಗಿರುತ್ತದೆ. ನನ್ನನ್ನು ಅವರು ಎಂದೂ ದೂರಿದವರಲ್ಲ. ಕಳೆದ ಸಲ ಕಾಫಿ ಕೊಟ್ಟು ಒಂದೇ ಮಾತು ಕೇಳಿದರು: “ರಾಯರೇ, ಅಲ್ಲಿ ಹುಡುಗರ ಕಾಲನ್ನು ಯಾರಾದರೂ ನೋಡುತ್ತಾರೆಯೇ?”

ಆ ಪ್ರಶ್ನೆಗೆ ಉತ್ತರವಾಗಿ ಈ ಲೇಖನವನ್ನು ಬರೆದಿದ್ದೇನೆ. ಓದಿ ಮುಗಿಸಿದ ವಾಚಕರು ಇಂದು ರಾತ್ರಿ ದೀಪವಾರಿಸುವ ಮೊದಲು ತಮ್ಮ ಪಾದವನ್ನೂ, ಪಕ್ಕದಲ್ಲಿ ಮಲಗುವ ಸಂಗಾತಿಯ ಪಾದವನ್ನೂ ಒಮ್ಮೆ ನೋಡಿದರೆ ಬರೆದುದು ಸಾರ್ಥಕವಾಗುವುದು.